ನಲವತ್ತೊಂದನೇ ಪೀಪಾಯಿ

ಮಾರ್ಚ್ 3

ಭಾವ,

ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ, ಇದು ಯಾರ ಅಕ್ಷರವಪ್ಪಾ ಎಂದು ನೋಡಿರುತ್ತೀರಿ. ನಾನೇ, ನಿಮ್ಮ ಹೆಂಡತಿಯ ಒಬ್ಬನೇ ತಮ್ಮ. ಏಳು ವರ್ಷ ಒಂದು ಕಾರ್ಡೂ ಹಾಕದವನು ಈಗ ಪಾರ್ಸೆಲ್ ಸಮೇತ ವಕ್ಕರಿಸಿದ್ದಾನೆ ಎಂದು ಬೈಯಿರಿ. ಬೈದು ಮುಗಿದ ಮೇಲೆ ಮುಂದೆ ಓದಿ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ವಿಷಯ ಇಷ್ಟು. ನಮ್ಮ ಬರ್ಬನ್ ಭಟ್ಟಿಯ ನಲವತ್ತೊಂದನೇ ಪೀಪಾಯಿಗೆ ಈ ಜೂನಿಗೆ ಹನ್ನೆರಡು ವರ್ಷ ತುಂಬುತ್ತದೆ. ಮೆಕ್ಕೆಜೋಳದ ಹೆಂಡ ತಾನೆ ಎಂದು ಮೂಗು ಮುರಿಯಬೇಡಿ. ಒಳಮೈ ಸುಟ್ಟ ಓಕ್ ಪೀಪಾಯಿಯಲ್ಲಿ ಹನ್ನೆರಡು ಬೇಸಿಗೆ ಕೂತು ಬಂದದ್ದಕ್ಕೆ ಬೇರೆಯದೇ ಗತ್ತು ಇರುತ್ತದೆ. ಭಟ್ಟಿಯ ಒಡತಿ, ನಾವೆಲ್ಲ ಮೇಡಂ ಅನ್ನುವವರು, ಜೂನ್ ಹತ್ತಕ್ಕೆ ಅದನ್ನು ಒಡೆಸುತ್ತಾರೆ. ಬರೀ ಬರ್ಬನ್ ಅಲ್ಲ, ಜೊತೆಗೆ ಒಂದು ಕಪ್ಪು ಮಡೂರೊ ಸಿಗಾರ್. ಮೂರು ಕಡೆಯಿಂದ ಸಿಗಾರ್ ತರಿಸಿ, ಎಂಟು ಜನ ರುಚಿ ನೋಡಿ, ಯಾವುದು ಹೊಂದುತ್ತದೋ ಅದನ್ನು ಬಾಟಲಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಎಲ್ಲರಿಗಿಂತ ಸರಿಯಾಗಿ ಬರೆದವರ ಮಾತನ್ನು ಬರೆದವರ ಹೆಸರಿನ ಸಮೇತ ಪೆಟ್ಟಿಗೆಯ ಮುಚ್ಚಳದ ಮೇಲೆ ಅಚ್ಚು ಹಾಕಿಸುತ್ತಾರೆ. ನಿಮ್ಮ ಕಾರ್ಖಾನೆಯ ಸಿಗಾರನ್ನೂ ತರಿಸಿ ಎಂದು ನಾನು ಬಾಯಿ ಹಾಕಿಬಿಟ್ಟೆ. ಅಲ್ಲಿಯ ತಂಬಾಕು ಎಲೆಯ ಮೇಸ್ತ್ರಿ ನನ್ನ ಭಾವನೇ ಎಂದೂ ಹೇಳಿದೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಈಗ ನನ್ನ ಗೋಳು. ನಾನು ಇಲ್ಲಿಯ ರುಚಿಗಾರ, ಬರ್ಬನ್ ವಿಷಯದಲ್ಲಿ ನನ್ನ ಮೂಗೇ ಕೊನೆಯ ಮಾತು. ಆದರೆ ಜನ್ಮದಲ್ಲಿ ಒಂದು ಸಿಗಾರ್ ಸೇದಿಲ್ಲ. ಗೋದಾಮಿನ ಸುತ್ತ ಬೆಂಕಿಕಡ್ಡಿ ಇಟ್ಟುಕೊಂಡವನನ್ನೇ ಹೊರಗೆ ಅಟ್ಟುತ್ತಾರೆ. ಹಾಗಾಗಿ ನೀವೇ ಗತಿ. ಮೂರು ಸಣ್ಣ ಬಾಟಲಿ ಕಳಿಸಿದ್ದೇನೆ, ಬೇರೆ ಬೇರೆ ಪೀಪಾಯಿಯವು. ಮೇಲೆ ಒಂದು, ಎರಡು, ಮೂರು ಎಂದಷ್ಟೇ ಬರೆದಿದೆ. ನಿಮ್ಮ ಸಿಗಾರ್ ಹಚ್ಚಿ, ಪ್ರತಿಯೊಂದರ ಜೊತೆ ಸೇದಿ, ಬಾಯಿಗೆ ಬಂದದ್ದನ್ನು ಬರೆಯಿರಿ. ನಿಮಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು ಎಂದು ಯಾರೋ ಹೇಳಿದ ನೆನಪು. ಹಾಗಿದ್ದರೆ ಖಂಡಿತ ಬೇಡ.

ಅಕ್ಕ ಹೇಗಿದ್ದಾಳೆ? ಹೋಗಲಿ ಬಿಡಿ, ಕೇಳಲಿಲ್ಲ ಅಂದುಕೊಳ್ಳಿ.

ನಿಮ್ಮ ಭಾಮೈದ


ಮಾರ್ಚ್ 19

ಮೂಗಿನ ಸಾಹೇಬರಿಗೆ,

ಬಂತಪ್ಪಾ ನಿನ್ನ ಪಾರ್ಸೆಲ್. ಹೊಟ್ಟೆಹುಣ್ಣು ಎಂದು ಯಾರು ಹೇಳಿದ್ದು ನಿನಗೆ? ನನ್ನ ಹೊಟ್ಟೆ ಗುಂಡುಕಲ್ಲಿನ ಹಾಗಿದೆ.

ಮೊದಲು ನಿನಗೆ ಒಂದು ಪಾಠ. ಮಡೂರೊ ಅಂದರೆ ಬಣ್ಣ ಬಳಿದ ಸಿಗಾರ್ ಅಲ್ಲ. ಗಿಡದ ಮೇಲ್ಭಾಗದ ದಪ್ಪ ಎಲೆಗಳನ್ನು ಒದ್ದೆ ಮಾಡಿ ಎದೆಮಟ್ಟ ರಾಶಿ ಹಾಕಿದರೆ ರಾಶಿ ತನ್ನಷ್ಟಕ್ಕೇ ಒಳಗೊಳಗೇ ಬಿಸಿಯಾಗುತ್ತದೆ. ನಾನು ಭುಜದವರೆಗೆ ಕೈ ತೂರಿಸಿ ನೋಡುತ್ತೇನೆ. ತಡೆಯಲಾರದಷ್ಟು ಬಿಸಿ ಅನ್ನಿಸಿದ ದಿನ ಒಳಗಿನದು ಹೊರಗೆ, ಹೊರಗಿನದು ಒಳಗೆ ತಿರುವಬೇಕು. ಒಂದು ದಿನ ತಡವಾದರೂ ಎಲೆ ಸತ್ತಂತೆ. ಹೀಗೆ ಒಂದೂವರೆ ವರ್ಷ. ಆಮೇಲೆ ಬರುವ ಕಪ್ಪು, ಎಲೆಯ ಬೆವರಿನ ಕಪ್ಪು. ಆ ಎಲೆಯನ್ನು ಹೊದಿಕೆಯಾಗಿ ಸುತ್ತಿದ ಸಿಗಾರೇ ನಾನು ನಿಮ್ಮಲ್ಲಿಗೆ ಕಳಿಸುವುದು.

ಭಾನುವಾರ ಮಧ್ಯಾಹ್ನ ಹಿಂದಿನ ಕೋಣೆಯ ಕಿಟಕಿ ತೆರೆದಿಟ್ಟು ಕೂತೆ. ನಿಮ್ಮಕ್ಕ ಪಕ್ಕದಲ್ಲಿ ಎಲೆ ವಿಂಗಡಿಸುತ್ತಿದ್ದಳು. ನಾನು ಬರೆದುಕೊಂಡದ್ದು ಹೀಗಿದೆ, ನೋಡು.

ಒಂದನೇ ಬಾಟಲಿ: ಸುಳ್ಳುಗಾರ. ಮೂಗಿನ ಹತ್ತಿರ ಭಾರೀ ಮಾತು, ಬಾಯೊಳಗೆ ಬಂದರೆ ಏನೂ ಇಲ್ಲ. ಸಿಗಾರಿನ ಎರಡನೇ ದಮ್ಮಿಗೇ ಓಡಿಹೋಗುತ್ತದೆ.

ಎರಡನೇದು: ಒಳ್ಳೆಯದು, ಆದರೆ ಸಿಹಿ ಜಾಸ್ತಿ. ಸಿಗಾರಿನಲ್ಲೇ ಕಾಫಿಬೀಜ, ಕರಿ ಚಾಕಲೇಟಿನ ಸಿಹಿ ಇರುವಾಗ ಇದೂ ಸೇರಿದರೆ ಇಬ್ಬರು ಮಾತುಗಾರರು ಒಂದೇ ಬೆಂಚಿನ ಮೇಲೆ ಕೂತ ಹಾಗೆ.

ಮೂರನೇದು: ಇದು ಗೋದಾಮಿನ ಮೇಲಿನ ಅಂತಸ್ತಿನಲ್ಲಿ, ಬಿಸಿಲಿನ ಗೋಡೆಗೆ ಒತ್ತಿಕೊಂಡಿದ್ದ ಪೀಪಾಯಿ. ಬೇಗ ಬೇಗ ಮುದಿಯಾಗಿದೆ. ಮರ ಕಚ್ಚುತ್ತದೆ. ಆದರೆ ಸಿಗಾರಿನ ಖಾರ ಏರುವ ಮಧ್ಯದ ಹೊತ್ತಿಗೆ ಈ ಕಚ್ಚುವಿಕೆಯೇ ಬೇಕು. ಇಂಥದ್ದೇ, ಆದರೆ ಕೆಳಗಿನ ಅಂತಸ್ತಿನ ತಂಪಿನಲ್ಲಿ ನಿಧಾನ ಬೆಳೆದದ್ದು ಇದ್ದರೆ ಹುಡುಕು.

ನಿಮ್ಮಕ್ಕ ಚೆನ್ನಾಗಿದ್ದಾಳೆ. ನಿನ್ನ ಮಾತು ಎತ್ತಿದರೆ ಎಲೆಯ ನಾರು ಎಳೆಯುತ್ತಾ ಕೂತುಬಿಡುತ್ತಾಳೆ. ನಮ್ಮ ಮದುವೆಯ ದಿನ ನೀನು ಊಟಕ್ಕೂ ನಿಲ್ಲದೆ ಹೋದೆಯಲ್ಲ, ಅದನ್ನೇ ಇನ್ನೂ ಕಟ್ಟಿಕೊಂಡು ಕೂತಿದ್ದಾಳೆ. ಹೆಂಗಸರ ನೆನಪು, ನಿನಗೆ ಗೊತ್ತಲ್ಲ.

ನಿನ್ನ ಭಾವ


ಏಪ್ರಿಲ್ 2

ಭಾವ, ಭಾವ, ಭಾವ!

ನೀವು ಮನುಷ್ಯರೋ ಮತ್ತೇನೋ! ಪತ್ರ ಹಿಡಿದುಕೊಂಡೇ ಗೋದಾಮಿಗೆ ಓಡಿದೆ. ಮೂರನೇ ಬಾಟಲಿಯ ಪೀಪಾಯಿ ಇದ್ದದ್ದು ಎಲ್ಲಿ ಗೊತ್ತೇ? ಐದನೇ ಅಂತಸ್ತು, ಪಶ್ಚಿಮದ ಗೋಡೆ. ಸಂಜೆಯ ಬಿಸಿಲು ನೇರ ಅಲ್ಲಿಗೇ ಹೊಡೆಯುವುದು. ನಾನು ಎಂಟು ವರ್ಷದಿಂದ ಇಲ್ಲಿ ಮೂಗು ತೂರಿಸುತ್ತಿದ್ದೇನೆ, ಮರ ಜಾಸ್ತಿಯಾಗಿದೆ ಎಂದು ಹೇಳುತ್ತಿದ್ದೆನೇ ಹೊರತು ಗೋಡೆಯ ದಿಕ್ಕು ಹೇಳುತ್ತಿರಲಿಲ್ಲ. ನೀವು ಎಲೆಯ ರಾಶಿಯಲ್ಲಿ ಕೈ ಹಾಕುವವರು, ನಿಮಗೆ ಇದೆಲ್ಲಿಂದ ಬಂತು?

ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ ಭಾವನ್ನ ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಅಂದರು. "ಎಲೆ ರಾಶಿ ಒಳಗೆ" ಅಂದೆ. ನಕ್ಕರು. ಮೇಡಂ ನಗುವುದು ವರ್ಷಕ್ಕೆ ಎರಡು ಸಲ, ಮೊದಲನೆಯದು ನಿಮ್ಮ ಲೆಕ್ಕಕ್ಕೆ ಬಂತು.

ಇನ್ನೂ ಕೇಳಿ. ನೀವು ಹೇಳಿದ ಕೆಳಗಿನ ಅಂತಸ್ತಿನ, ತಂಪಿನಲ್ಲಿ ನಿಧಾನ ಬೆಳೆದ ಪೀಪಾಯಿ ಇದೆಯಲ್ಲ, ಅದೇ ನಲವತ್ತೊಂದು! ನನಗೆ ಮೈ ಜುಮ್ಮೆಂದಿತು. ಅದರಿಂದ ಒಂದು ಸಣ್ಣ ಬಾಟಲಿ ತುಂಬಿ ಈ ಪತ್ರದ ಜೊತೆ ಕಳಿಸಿದ್ದೇನೆ. ಎದೆಗೆ ಒತ್ತಿ ಹಿಡಿದುಕೊಂಡು ಅಂಚೆಯವರ ಕೈಗೆ ಕೊಟ್ಟೆ. ನಿಮ್ಮ ಸಿಗಾರಿನ ಜೊತೆ ನಿಧಾನವಾಗಿ, ಮೊದಲ ಭಾಗ, ನಡುವಿನ ಭಾಗ, ಕೊನೆಯ ಭಾಗ, ಮೂರನ್ನೂ ಬೇರೆ ಬೇರೆ ಬರೆಯಿರಿ. ಅವಸರ ಬೇಡ. ಅಂದರೆ ಬೇಗ ಬರೆಯಿರಿ!

ಮದುವೆಯ ಊಟದ ವಿಷಯ ಬರೆದಿದ್ದಿರಿ. ಅಕ್ಕ ಹಾಗೆಂದು ಹೇಳಿದಳೇ, ಅಥವಾ ನೀವೇ ಅಂದುಕೊಂಡದ್ದೇ? ಸುಮ್ಮನೆ ಕೇಳಿದೆ.

ನಿಮ್ಮ ಶಿಷ್ಯನಾಗಲು ತಯಾರಿರುವ
ಭಾಮೈದ


ಏಪ್ರಿಲ್ 20

ಶಿಷ್ಯೋತ್ತಮನಿಗೆ,

ನಿಮ್ಮ ಮೇಡಂ ನಕ್ಕದ್ದನ್ನು ನಮ್ಮ ಕಾರ್ಖಾನೆಯಲ್ಲಿ ಮೂರು ಜನಕ್ಕೆ ಹೇಳಿಕೊಂಡೆ. ಸಿಗಾರ್ ಸುತ್ತುವವರೆಲ್ಲ ಈಗ ನನ್ನನ್ನು ಕಂಡರೆ ಗ್ಲಾಸ್ ಎತ್ತಿದ ಹಾಗೆ ಕೈ ಮಾಡುತ್ತಾರೆ. ಮೂಗಿನ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದೆಯಲ್ಲ, ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಏನು ಮಾಡುವುದು.

ನಲವತ್ತೊಂದು! ಅಯ್ಯೋ, ಏನೆಂದು ಬರೆಯಲಿ! ಮುಚ್ಚಳ ತೆಗೆದ ಕೂಡಲೇ ಕೋಣೆಯಲ್ಲಿ ಇನ್ನೊಬ್ಬರು ಬಂದು ಕೂತ ಹಾಗಾಯಿತು. ಬರೆದುಕೊಂಡದ್ದನ್ನು ಇದ್ದದ್ದು ಇದ್ದ ಹಾಗೆ ಕೆಳಗೆ ಇಳಿಸುತ್ತಿದ್ದೇನೆ.

ಮೊದಲ ಭಾಗ: ಸಿಗಾರ್ ಇನ್ನೂ ಕಣ್ಣು ಬಿಡುತ್ತಿದೆ. ಬರ್ಬನ್ ಮುಂದೆ, ಸಿಗಾರ್ ಹಿಂದೆ. ತಳ ಹಿಡಿದ ಸಕ್ಕರೆ ಪಾಕ, ಕಪ್ಪಾಗುವುದಕ್ಕೆ ಒಂದು ಕ್ಷಣ ಮುಂಚೆ ಒಲೆಯಿಂದ ಇಳಿಸಿದ್ದು.

ನಡುವಿನ ಭಾಗ: ಜಾಗ ಅದಲು ಬದಲು. ಹೊಗೆ ದಪ್ಪವಾಗುತ್ತದೆ, ಕರಿಮೆಣಸು ನಾಲಗೆಯ ಅಂಚಿಗೆ ಬರುತ್ತದೆ. ಆಗ ಒಂದೇ ಒಂದು ಗುಟುಕು. ಖಾರ ಆರುವುದಿಲ್ಲ, ಅಗಲವಾಗುತ್ತದೆ. ಅಜ್ಜನ ಕನ್ನಡಕದ ಡಬ್ಬಿ ತೆರೆದ ಹಾಗೆ: ಹಳೆಯ ಚರ್ಮ, ಲವಂಗ, ಪೆನ್ಸಿಲ್ಲಿನ ಮರ.

ಕೊನೆಯ ಭಾಗ: ಎರಡರಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಗ್ಲಾಸ್ ಖಾಲಿಯಾದ ಮೇಲೂ ಗ್ಲಾಸಿನಲ್ಲಿ ಹೊಗೆ ಇದೆ, ಸಿಗಾರ್ ಆರಿದ ಮೇಲೂ ಬೂದಿಯಲ್ಲಿ ಸಿಹಿ ಇದೆ. ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಹೇಗಿದೆ? ಮುಚ್ಚಳದ ಮೇಲೆ ನನ್ನ ಹೆಸರು ಅಚ್ಚಾಗುವಾಗ ಕಾಗುಣಿತ ತಪ್ಪದಂತೆ ನೋಡಿಕೋ.

ನಿನ್ನ ಗುರು-ಭಾವ


ಮೇ 4

ಭಾವನವರಿಗೆ,

ಈ ಪತ್ರವನ್ನು ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ.

ನಮ್ಮ ಅಜ್ಜನ ಕನ್ನಡಕದ ಡಬ್ಬಿಯಲ್ಲಿ ಎರಡು ಲವಂಗ, ಒಂದು ಮೋಟು ಪೆನ್ಸಿಲ್ ಇರುತ್ತಿದ್ದವು. ಅಜ್ಜ ತೀರಿಕೊಂಡಾಗ ನೀವು ನಮ್ಮ ಮನೆಯ ಹೊಸಿಲೂ ತುಳಿದಿರಲಿಲ್ಲ. ಅವರು ನಿದ್ದೆ ಹೋದಾಗ ಆ ಡಬ್ಬಿ ಕದ್ದು, ಕಣ್ಣು ಮುಚ್ಚಿಕೊಂಡು, ಒಳಗೆ ಇವತ್ತು ಎಷ್ಟು ಲವಂಗ ಇದೆ ಹೇಳು ಎಂದು ಆಡುತ್ತಿದ್ದವರು ಇಬ್ಬರೇ. ನಾನು ಮತ್ತು ಅಕ್ಕ. ಯಾವಾಗಲೂ ಸರಿಯಾಗಿ ಹೇಳುತ್ತಿದ್ದವಳು ಅಕ್ಕ.

ಭಾವ, ನಿಮ್ಮ ಮೇಲೆ ಕೋಪವಿಲ್ಲ. ನನಗೆ ಆ ಯೋಗ್ಯತೆಯೇ ಇಲ್ಲ. ಯಾಕೆಂದು ಕೇಳಿ.

ಎಂಟು ವರ್ಷದ ಹಿಂದೆ ನಾನೂ ಅಕ್ಕನೂ ಇದೇ ಭಟ್ಟಿಯಲ್ಲಿ ಬಾಟಲಿ ತೊಳೆಯುತ್ತಿದ್ದೆವು. ಹಳೆಯ ರುಚಿಗಾರರು ನಿವೃತ್ತರಾಗುವಾಗ ಒಂದು ಪರೀಕ್ಷೆ ಇಟ್ಟರು. ಯಾರು ಬೇಕಾದರೂ ಕೂರಬಹುದು. ಹನ್ನೆರಡು ಗ್ಲಾಸು. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ. ತಗಡಿನ ಡಬ್ಬಿಯಿಂದ ಒಂದು ನಂಬರು ಎತ್ತಿಕೊಂಡು ಅದನ್ನು ಮಾತ್ರ ಬರೆಯಬೇಕು, ಯಾರಿಗೂ ತೋರಿಸಬಾರದು. ಇಲ್ಲಿಯ ಪದ್ಧತಿ ಅದು, ಮುಖ ನೋಡಿ ಮಣೆ ಹಾಕದಿರಲಿ ಎಂದು. ಅವತ್ತು ಕೊನೆಯಲ್ಲಿ ಗೆದ್ದ ಹಾಳೆಯನ್ನು, ಆರನೇ ನಂಬರಿನದನ್ನು, ಗಟ್ಟಿಯಾಗಿ ಓದಿದರು. ಮೊದಲ ಸಾಲಿಗೇ ಗೊತ್ತಾಯಿತು, ಇದು ಅಕ್ಕನದು. "ಇದು ಯಾರ್ದು?" ಎಂದು ಕೇಳಿದರು. ಅಕ್ಕ ಗ್ಲಾಸ್ ತೊಳೆಯಲು ನೀರು ತರಲು ಹೋಗಿದ್ದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಕೈ ಎತ್ತಿದೆ. ನಂಬರು ತೋರಿಸು ಎಂದು ಯಾರೂ ಕೇಳಲಿಲ್ಲ.

ಅವಳು ಬರುವಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು. ಅವಳೂ ತಟ್ಟಿದಳು. ಓದಿದ ಹಾಳೆ ಯಾವುದೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿರಲಿಲ್ಲ. ನಿಮ್ಮ ಮದುವೆಯ ದಿನ ಬಡಿಸಲು ಅವಳೇ ಬಂದಳು, "ಕೂತ್ಕೊಳೋ" ಅಂದಳು. ನನಗೆ ಅವಳ ಕಣ್ಣು ನೋಡಲಾಗಲಿಲ್ಲ. ಎದ್ದು ಹೊರಟೆ.

ಈ ಪತ್ರವನ್ನು ಅವಳಿಗೆ ಓದಿ ಹೇಳಿ. ನಿಮಗೆ ಬೇಡವೆನಿಸಿದರೆ ಬೇಡ. ಇಲ್ಲ, ಓದಿ.


ಮೇ 15

ಭಾಮೈದ,

ಗುರುವೂ ಇಲ್ಲ, ಗಿರುವೂ ಇಲ್ಲ. ನಾನೂ ಕಳ್ಳನೇ. ನನಗೆ ಹುಣ್ಣಿರುವುದು ನಿಜ. ಮೊದಲ ಭಾನುವಾರ ಒಂದು ಗುಟುಕು ಕುಡಿದವನು ಹೊಟ್ಟೆ ಹಿಡಿದುಕೊಂಡು ಮಂಚಕ್ಕೆ ಬಿದ್ದೆ. ನಿಮ್ಮಕ್ಕ ಬಂದಳು. ಗ್ಲಾಸನ್ನು ಎತ್ತಿ ಮೂಸಿದಳು. ಬೂದಿಬಟ್ಟಲಿನಲ್ಲಿ ಹೊಗೆಯಾಡುತ್ತಿದ್ದ ನನ್ನ ಸಿಗಾರ್ ಎತ್ತಿಕೊಂಡು ಒಂದು ದಮ್ಮು ಎಳೆದಳು. ಎಲೆ ವಿಂಗಡಿಸುವ ಹೆಂಗಸರೆಲ್ಲ ಸೇದಿ ನೋಡುವವರೇ, ಅದು ಹೊಸದಲ್ಲ. ಆದರೆ ಆ ಮುಖ ನಾನು ಏಳು ವರ್ಷದಲ್ಲಿ ನೋಡಿರಲಿಲ್ಲ. "ಬರ್ಕೊಳ್ಳಿ, ನಾನು ಹೇಳ್ತೀನಿ. ನನ್ನ ಹೆಸ್ರು ಮಾತ್ರ ಹಾಕ್ಬೇಡಿ" ಅಂದಳು. ಹಾಕಬೇಡಿ ಅಂದಳೇ ಹೊರತು ನಿಮ್ಮ ಹೆಸರು ಹಾಕಿಕೊಳ್ಳಿ ಎಂದು ಅವಳೇನೂ ಹೇಳಿರಲಿಲ್ಲ. ಹೊಗಳಿಕೆಗೆ ನಾನೇ ಉಬ್ಬಿಹೋದೆ. ನಾಚಿಕೆಯಾಗುತ್ತದೆ.

ನಿನ್ನ ಪತ್ರ ಓದಿ ಹೇಳಿದೆ. ಮುಗಿದ ಮೇಲೆ ಅವಳು ಎದ್ದು, ನಲವತ್ತೊಂದರ ಬಾಟಲಿಯಲ್ಲಿ ಉಳಿದಿದ್ದ ಒಂದು ಬೆರಳಷ್ಟನ್ನು ಗ್ಲಾಸಿಗೆ ಬಗ್ಗಿಸಿಕೊಂಡು ಕಿಟಕಿಯ ಹತ್ತಿರ ನಿಂತಳು. ಅತ್ತಳೋ ನಕ್ಕಳೋ ನನಗೆ ಬೆನ್ನಷ್ಟೇ ಕಂಡದ್ದು. ಆಮೇಲೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಕೆಳಗಿನದು ಅವಳದೇ ಅಕ್ಷರ.

*ಅವತ್ತು ನಾನು ನೀರಿನ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ ಕಣೋ. ನನ್ನ ಹಾಳೆ ಓದುವುದು ಕೇಳಿಸಿತು. ನೀನು ಕೈ ಎತ್ತಿದ್ದೂ ಕಂಡಿತು. ಇಳಿಸುತ್ತೀಯೇನೋ ಎಂದು ಕಾದೆ.*


ಮೇ 26

ಭಾವ, ಅಕ್ಕ, ಇಬ್ಬರಿಗೂ,

ಮೇಡಂಗೆ ಎಲ್ಲ ಹೇಳಿದೆ. ಆರನೇ ಹಾಳೆಯ ವಿಷಯವನ್ನೂ ಹೇಳಿದೆ. ರುಚಿಕೋಣೆಯ ಬೀಗದಕೈಯನ್ನು ಮೇಜಿನ ಮೇಲೆ ಇಟ್ಟೆ. ಎಂಟು ವರ್ಷದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಅವರು "ಬೀಗದಕೈ ಇಲ್ಲೇ ಇರ್ಲಿ. ಜೂನ್ ಹತ್ತಾದ್ಮೇಲೆ ನೋಡೋಣ. ನಿಮ್ಮಕ್ಕಂಗೆ ಒಂದು ಕುರ್ಚಿ ಹಾಕ್ಸಿ" ಅಂದರು. ಆರನೇ ನಂಬರು ಅಕ್ಕನಿಗೇ ಕೊಡಬಹುದೇ ಎಂದು ಕೇಳಿದೆ. "ಡಬ್ಬಿಯಿಂದ ಎತ್ತಿದ್ದೇ ನಂಬರು. ಯಾರಿಗೂ ರಿಯಾಯಿತಿ ಇಲ್ಲ. ನೀವೂ ಕೂತ್ಕೊಳ್ಳಿ, ನೀವೂ ಬರೀರಿ" ಅಂದರು. ನಾನೋ ಸಿಗಾರ್ ಸೇದದವನು. ಕೆಮ್ಮಿ ಸಾಯುತ್ತೇನೆ.

ಅಕ್ಕ, ಬರುತ್ತೀಯಾ? ರೈಲಿನ ಟಿಕೆಟ್ ಲಕೋಟೆಯಲ್ಲಿದೆ. ಕೋಣೆಯಲ್ಲಿ ಹೊಸ ಹಾಸಿಗೆ ಹಾಕಿಸಿದ್ದೇನೆ. ಬಾರದಿದ್ದರೂ ಮೇಡಂ ಎದುರು ನಿನ್ನ ಹೆಸರು ಹೇಳಿಯಾಗಿದೆ, ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಆದರೂ ಬಾ.


ಜೂನ್ 11

ರೀ,

ನಿಮಗೆ ಪತ್ರ ಬರೆಯುವುದು ಇದೇ ಮೊದಲು, ನೋಡಿ. ಒಂದೇ ಮನೆಯಲ್ಲಿದ್ದವರಿಗೆ ಪತ್ರ ಯಾಕೆ ಬೇಕಿತ್ತು? ನೀವೂ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಿಮ್ಮ ರಾಶಿಗೆ ನಿನ್ನೆಯೇ ಬಿಸಿ ಏರಬೇಕಿತ್ತೇ? ತಿರುವಿ ಆಯಿತು ತಾನೇ? ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಿ.

ತಮ್ಮ ಸ್ಟೇಷನ್ನಿಗೆ ಬಂದಿದ್ದ. ಎಷ್ಟು ಕೂದಲು ಉದುರಿದೆ ಅಂತೀರಿ! ನಾನು ಮೊದಲು ಅವನ ನೆತ್ತಿ ನೋಡಿದೆ, ಆಮೇಲೆ ಮುಖ. ಅವನು ಬ್ಯಾಗು ಇಸಿದುಕೊಂಡು ಏನೋ ಹೇಳಲು ಬಾಯಿ ತೆರೆದ. "ಮೊದ್ಲು ಕಾಫಿ ಕುಡ್ಸು" ಅಂದೆ. ಆಮೇಲೆ ಅವನಿಗೆ ಸಿಗಾರ್ ಸೇದುವುದು ಕಲಿಸಿದೆ, ಸ್ಟೇಷನ್ನಿನ ಹೊರಗಿನ ಬೆಂಚಿನ ಮೇಲೆ. ಹೊಗೆ ನುಂಗಬೇಡ, ಬಾಯಲ್ಲಿ ಇಟ್ಟು ಬಿಡು ಎಂದು ಎಷ್ಟು ಹೇಳಿದರೂ ನುಂಗಿದ. ಕಣ್ಣು ಮೂಗು ಎಲ್ಲ ನೀರು. ಕೆಮ್ಮುತ್ತಲೇ ಅತ್ತ. ನಾನು ಬೆನ್ನು ತಟ್ಟಿದೆ. ಯಾವುದು ಹೊಗೆಗೆ, ಯಾವುದು ನನಗೆ ಎಂದು ಕೇಳಲು ಹೋಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಗೋದಾಮಿನಿಂದ ದೂರ, ಮೇಡಂ ಮನೆಯ ಮುಂದಿನ ಹಜಾರದಲ್ಲಿ. ಎಂಟು ಕುರ್ಚಿ, ತಗಡಿನ ಅದೇ ಡಬ್ಬಿ. ನನಗೆ ಬಂದದ್ದು ಎಂಟನೇ ನಂಬರು. ಸಿಗಾರುಗಳ ಸೊಂಟದ ಕಾಗದಪಟ್ಟಿ ಕಿತ್ತು ಇಟ್ಟಿದ್ದರು, ಯಾರದು ಯಾವುದೆಂದು ತಿಳಿಯದಿರಲಿ ಎಂದು. ನನಗೆ ತಿಳಿಯದೇ ಇರುತ್ತದೆಯೇ? ನಿಮ್ಮ ಎಲೆ ಕೈಗೆ ಸಿಕ್ಕ ಕೂಡಲೇ ಬೆರಳಿಗೆ ಗೊತ್ತಾಯಿತು. ಆದರೂ ಮೂರನ್ನೂ ನ್ಯಾಯವಾಗಿ ಸೇದಿದೆ, ನಿಮ್ಮಾಣೆ.

ನಲವತ್ತೊಂದು ಬಾಯಿಗೆ ಬಂದಾಗ ಹದಿನೆಂಟು ಜನ ಕೆಲಸದವರು ಬಾಗಿಲಲ್ಲಿ ಇಣುಕುತ್ತಿದ್ದರು. ಬಾಟಲಿ ತೊಳೆಯುವ ಹೆಂಗಸರೂ ಇದ್ದರು. ಅವರಲ್ಲಿ ಇಬ್ಬರು ನನ್ನ ಕಾಲದವರು. ನಾನು ತಲೆ ಬಗ್ಗಿಸಿ ಬರೆದೆ. ಬರೆಯುತ್ತಾ ಬರೆಯುತ್ತಾ ಎಷ್ಟು ಖುಷಿಯಾಯಿತೆಂದರೆ, ಹಾಳೆಯ ಹಿಂದೂ ಬರೆದುಬಿಟ್ಟೆ.

ಗೆದ್ದದ್ದು ನಿಮ್ಮ ಸಿಗಾರೇ. ಎಂಟರಲ್ಲಿ ಆರು ಜನ ಅದನ್ನೇ ಆರಿಸಿದರು. ಉಬ್ಬಬೇಡಿ. ಹೋದ ಚಳಿಗಾಲದಲ್ಲಿ ಒಂದು ಸಲ ರಾಶಿ ತಿರುವುವುದು ತಡಮಾಡಿದ್ದೀರಿ. ಕೊನೆಯ ಬೆರಳಗಲದಲ್ಲಿ ಒಂದು ಎಳೆ ಕಹಿ ಇದೆ. ಅದನ್ನೂ ಬರೆದಿದ್ದೇನೆ.

ಆಮೇಲೆ ಮೇಡಂ ಎದ್ದು ನಿಂತರು. "ಮುಚ್ಚಳದ ಮೇಲೆ ಹಾಕೋಕೆ ಒಂದು ಹಾಳೆ ಆರ್ಸಿದೀನಿ, ಕೇಳಿ" ಎಂದು ಓದಿದರು. ನನ್ನದು. ಓದಿ ಮುಗಿಸಿ, "ಇದು ಯಾರ್ದು?" ಅಂದರು.

ರೀ, ನನಗೆ ಕೈ ಏಳಲಿಲ್ಲ. ಎಂಟು ವರ್ಷ ಬಾಗಿಲಲ್ಲೇ ನಿಂತುಬಿಟ್ಟಿದ್ದೇನೆ ಅನ್ನಿಸಿತು. ತಮ್ಮನ ಕಡೆ ತಿರುಗಿದೆ. ಅವನು ಕುರ್ಚಿಯ ಮೇಲೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿಕೊಂಡು, ನೆಲ ನೋಡುತ್ತಾ ಕೂತಿದ್ದ. ಆ ಕೈಗಳ ಮೇಲೆ ಹೇಗೆ ಕೂತಿದ್ದನೆಂದರೆ, ಎದ್ದರೆ ಎಲ್ಲಿ ಹಾರಿಹೋಗುತ್ತವೋ ಎಂದು ಭಯಪಡುವವನ ಹಾಗೆ. ಅದನ್ನು ನೋಡಿ ನನಗೆ ನಗು ಬಂತು, ನಗುವಿನ ಜೊತೆಗೇ ಕೈ ಮೇಲೆದ್ದಿತು. "ನಂದು" ಅಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಬಾಟಲಿ ತೊಳೆಯುವವರು ಚಪ್ಪಾಳೆ ಶುರುಮಾಡಿದರು ನೋಡಿ, ಮೇಡಂ ಕೈ ತೋರಿಸಿದರೂ ನಿಲ್ಲಿಸಲಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಮೇಡಂ ಇನ್ನೊಂದು ಹಾಳೆ ತೆಗೆದರು, ಐದನೇ ನಂಬರು. "ಇದೂ ಹತ್ರ ಹತ್ರ ಬಂದಿದೆ. ಸಿಗಾರ್ ವಿಷ್ಯದಲ್ಲಿ ಏನೂ ಗೊತ್ತಿಲ್ಲ ಅಂತ ಒಪ್ಕೊಂಡಿದಾರೆ. ಆದ್ರೆ ಬರ್ಬನ್ ಬಗ್ಗೆ ಒಂದೊಂದು ಮಾತೂ ಸರಿ" ಎಂದು ನಾಲ್ಕು ಸಾಲು ಓದಿದರು. "ಇದು ಯಾರ್ದು?" ನನಗೆ ಎರಡನೇ ಸಾಲಿಗೇ ಗೊತ್ತಾಗಿತ್ತು. ಅವನು ಮಾತ್ರ ಇನ್ನೂ ಕೈಗಳ ಮೇಲೆ ಕೂತೇ ಇದ್ದ, ಇನ್ನಷ್ಟು ಗಟ್ಟಿಯಾಗಿ. ಕಿವಿಯೆಲ್ಲ ಕೆಂಪು.

ನಾನು ಎದ್ದು ಹೋಗಿ, ಅವನ ತೊಡೆಯ ಕೆಳಗಿನಿಂದ ಬಲಗೈ ಎಳೆದು, ಮೇಲೆತ್ತಿ ಹಿಡಿದೆ. "ಇದು ಇವನ್ದೇ" ಅಂದೆ.

ಮೇಡಂ ಮೇಜಿನ ಮೇಲಿದ್ದ ಬೀಗದಕೈಯನ್ನು ಅವನ ಕಡೆ ತಳ್ಳಿದರು. ಹಳೆಯದು ಮರೆತುಹೋಗಿಲ್ಲ, ಆದರೆ ಇನ್ನು ಮೇಲೆ ಒಂದೊಂದು ಪೀಪಾಯಿಗೂ ಎರಡು ಮೂಗಿನ ಒಪ್ಪಿಗೆ ಬೇಕು, ಅಕ್ಕನ ಸಹಿ ಇಲ್ಲದೆ ಏನೂ ಹೊರಗೆ ಹೋಗಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನಾನು ಊರು ಬಿಡಬೇಕಾಗಿಲ್ಲ, ಮಾದರಿಗಳನ್ನು ಅಂಚೆಯಲ್ಲೇ ಕಳಿಸುತ್ತಾರಂತೆ.

ಭಾನುವಾರ ಬರುತ್ತೇನೆ. ಅಷ್ಟರೊಳಗೆ ಮೊದಲ ಪಾರ್ಸೆಲ್ ಮನೆಗೆ ಬರಬಹುದು. ಅದರ ಮೇಲೆ ನನ್ನ ಹೆಸರಿರುತ್ತದೆ. ನೀವು ಒಡೆಯಬೇಡಿ.

ನಿಮ್ಮವಳು